ಎಡ ರೆಕ್ಕೆಯ ಮೂರನೆಯ ಬಣ್ಣ

ನನ್ನ ಅಂಗೈಗಳು ಸುಟ್ಟದ್ದು ಪೈಲಟನನ್ನು ಉಳಿಸಲು ಹೋದಾಗ ಅಲ್ಲ.

ಬೇರೇನನ್ನೂ ಬರೆಯುವ ಮೊದಲು ಇದನ್ನು ಬರೆದುಬಿಡಬೇಕು — ಇಲ್ಲದಿದ್ದರೆ ಸುತ್ತಿ ಬಳಸಿ ಮತ್ತೆ ಎಲ್ಲೋ ಹೋಗಿ ನಿಲ್ಲುತ್ತೇನೆ, ನನ್ನನ್ನು ನಾನು ಬಲ್ಲೆ. ಆಗಸ್ಟ್ ಹದಿನೈದು ಬಂತೆಂದರೆ ಕುಷ್ಟಗಿಯ ಸುತ್ತಲಿನ ಊರುಗಳಲ್ಲಿ ಶಾಲೆಯ ಮಕ್ಕಳ ಮುಂದೆ ನನ್ನನ್ನು ನಿಲ್ಲಿಸುತ್ತಾರೆ. ನನ್ನ ಎರಡೂ ಕೈಗಳನ್ನು ಎತ್ತಿ ತೋರಿಸಿ, 'ಉರಿಯುವ ವಿಮಾನದೊಳಗೆ ಕೈ ಹಾಕಿದವರು ಇವರು' ಎನ್ನುತ್ತಾರೆ. ನಾನು ನಿಂತಿದ್ದೇನೆ. ಕೈ ಎತ್ತಿದ್ದೇನೆ. ಚಪ್ಪಾಳೆ ಮುಗಿಯುವ ತನಕ ಇಳಿಸಿಲ್ಲ.

ಆ ಕೈಗಳು ಸುಟ್ಟದ್ದು ವಿಮಾನದ ಎಡ ರೆಕ್ಕೆಯ ಒಂದು ತುಂಡನ್ನು ಬೆಂಕಿಗೆ ಎಳೆದು ಹಾಕುವಾಗ. ಆ ತುಂಡಿನ ಮೇಲೆ ನಾನು ಅರ್ಧಕ್ಕೆ ಬಿಟ್ಟಿದ್ದ ಗುರುತು ಇತ್ತು. ಅದು ಯಾರ ಕಣ್ಣಿಗೂ ಬೀಳಬಾರದಾಗಿತ್ತು. ಆ ಅರ್ಧ ಗುರುತಿನಿಂದ ಒಬ್ಬ ಪೈಲಟ್ ಸತ್ತ. ಅವನನ್ನು ಹೊಡೆದು ಕೆಡವಿದ ತೋಪಿನ ಹವಾಲ್ದಾರ, ನವಲಿಯ ದುರುಗಪ್ಪ, ನನ್ನ ತಪ್ಪನ್ನು ತನ್ನದೆಂದು ಹೊತ್ತು ಬದುಕಿದ. ನಡುವೆ ಇನ್ನೊಬ್ಬನ ತಲೆ ಒಡೆಯಿತು. ಮೂವರೂ ಈಗ ಇಲ್ಲ. ನಾನಿದ್ದೇನೆ.

ನನ್ನ ಹೆಸರು ಈರಪ್ಪ. ಕುಷ್ಟಗಿಯಲ್ಲಿ ಬೋರ್ಡು, ನಂಬರ್ ಪ್ಲೇಟು ಬರೆದು ಬದುಕುವವನು. ಅಪ್ಪ ಬಡಿಗ, ಚಕ್ಕಡಿಯ ಗಾಲಿಗೆ ಬಣ್ಣ ಹಚ್ಚುವುದನ್ನು ಅವನಿಂದ ಕಲಿತೆ. ಮ್ಯಾಟ್ರಿಕ್ ಮುಗಿಸಿ ವಾಯುಸೇನೆ ಸೇರಿದಾಗ ಕೈಯ ಹದ ನೋಡಿ ನನ್ನನ್ನು ಪೇಂಟರ್ ಮಾಡಿದರು.

ತರಬೇತಿಯಲ್ಲಿ ನಮಗೆ ಗುರುತುಗಳ ಪಾಠ ಹೇಳಿದವರು ಬರ್ಮಾ ಯುದ್ಧ ಕಂಡಿದ್ದ ಒಬ್ಬ ಮುದುಕ ವಾರಂಟ್ ಆಫೀಸರ್. ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಿಂದ ಒಂದೊಂದೇ ಗುರುತು ಬರೆದು ಅದರ ಹಿಂದಿನ ಸಾವುಗಳನ್ನು ಹೇಳುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಇಂಗ್ಲಿಷರು ರೆಕ್ಕೆಯ ಮೇಲೆ ತಮ್ಮ ಬಾವುಟವನ್ನೇ ಬರೆದರಂತೆ. ವಿಮಾನ ಎತ್ತರಕ್ಕೆ ಹೋದಾಗ ಅದರ ಗೆರೆಗಳು ಜರ್ಮನರ ಶಿಲುಬೆಯ ಹಾಗೆ ಕಂಡು, ಅವರ ಸಿಪಾಯಿಗಳೇ ಕೆಳಗಿನಿಂದ ಗುಂಡು ಹಾರಿಸಿದರಂತೆ. ಆಮೇಲೆ ಫ್ರೆಂಚರನ್ನು ನೋಡಿ ಉಂಗುರದೊಳಗೆ ಉಂಗುರ ಬರೆದರು, ಬಣ್ಣಗಳನ್ನು ಮಾತ್ರ ಒಳಗಿನದು ಹೊರಗೆ, ಹೊರಗಿನದು ಒಳಗೆ ಮಾಡಿಕೊಂಡರು. ನಮ್ಮ ವಿಮಾನಗಳ ಮೇಲೂ ಆಗ ಅದೇ — ನೀಲಿ, ಬಿಳಿ, ನಡುವೆ ಕೆಂಪು. ಬರ್ಮಾದಲ್ಲಿ ಜಪಾನಿನ ಎದುರು ನಿಂತಾಗ ಆ ನಡುವಿನ ಕೆಂಪೇ ಮೃತ್ಯುವಾಯಿತು. ಜಪಾನಿನ ಗುರುತು ಕೆಂಪು ಸೂರ್ಯ. ಕಾಡಿನ ಮೇಲೆ ಒಂದು ಗಳಿಗೆ ಕೆಂಪು ಚುಕ್ಕೆ ಕಂಡರೆ ಸಾಕು, ನಮ್ಮವರೇ ನಮ್ಮವರನ್ನು ಹೊಡೆಯುವ ಅಪಾಯ. ಕೊನೆಗೆ ಕೆಂಪನ್ನು ತೆಗೆದೇಬಿಟ್ಟರು; ಕಡುನೀಲಿ, ತಿಳಿನೀಲಿ ಮಾತ್ರ ಉಳಿದವು. ಸ್ವಾತಂತ್ರ್ಯ ಬಂದ ಮೇಲೆ ಕೆಲಕಾಲ ಅಶೋಕಚಕ್ರವಿತ್ತು. ಆಮೇಲೆ ಈಗಿನದು — ನಡುವೆ ಹಸಿರು, ಅದರ ಸುತ್ತ ಬಿಳಿ, ಹೊರಗೆ ಕೇಸರಿ.

ಅರವತ್ತೈದರ ಯುದ್ಧದ ಕಾಲಕ್ಕೆ ವಿಮಾನಗಳು ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು, ಗುರುತುಗಳು ದೊಡ್ಡವಿದ್ದವು. ಆಮೇಲೆ ಮೈಮೇಲೆ ಮಣ್ಣಿನ ಬಣ್ಣ, ಎಲೆಯ ಬಣ್ಣ ಬಂತು, ಗುರುತು ಸಣ್ಣದಾಯಿತು. ವೈರಿಗೆ ಕಾಣಬಾರದು, ನಮ್ಮವರಿಗೆ ಕಾಣಬೇಕು — ಕಷ್ಟದ ಲೆಕ್ಕ ಅದು. ಪಾಠದ ಕೊನೆಗೆ ಆ ಮುದುಕ ಹೇಳಿದ್ದಿಷ್ಟು: ಪಾಕಿಸ್ತಾನದ ಗುರುತಿನಲ್ಲೂ ಹಸಿರು ಇದೆ, ಬಿಳಿ ಇದೆ. ಅವರದರಲ್ಲಿ ಹಸಿರು ಹೊರಗೆ, ಬಿಳಿ ಒಳಗೆ, ನಿಜ. ಆದರೆ ತಲೆಯ ಮೇಲೆ ಎರಡು ಸೆಕೆಂಡು ಹಾದುಹೋಗುವ ವಿಮಾನದಲ್ಲಿ ಒಳಗು ಹೊರಗು ಯಾರು ನೋಡುತ್ತಾರೆ. ಕೇಸರಿ ಕಂಡರೆ ನಮ್ಮವ, ಕಾಣದಿದ್ದರೆ ಅಲ್ಲ.

ಆದ್ದರಿಂದ ಗೊತ್ತಿರಲಿಲ್ಲ ಎಂದು ನಾನು ಹೇಳುವಂತಿಲ್ಲ. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಪೂರ್ತಿ ಅಂಕ ತೆಗೆದುಕೊಂಡವನು ನಾನು.

ಎಪ್ಪತ್ತೊಂದರ ಡಿಸೆಂಬರಿನಲ್ಲಿ ಪಶ್ಚಿಮ ಗಡಿಯ ಹತ್ತಿರದ ಒಂದು ವಿಮಾನನೆಲೆಯಲ್ಲಿದ್ದೆ. ಊರಿನ ಹೆಸರು ಬೇಡ. ವಿಮಾನಗಳ ಕೆಲಸ ನಮ್ಮದು. ನೆಲೆಯ ಸುತ್ತ ತೋಪುಗಳನ್ನಿಟ್ಟು ಕಾಯುವವರು ಭೂಸೇನೆಯವರು. ಯುದ್ಧ ಶುರುವಾದ ಎರಡನೆಯ ದಿನವೇ ಬಾಂಬು ಬಿತ್ತು. ನನ್ನ ಜೊತೆಯ ಪೇಂಟರ್ ಜೋಸೆಫ್, ಕೇರಳದವನು, ನನಗಿಂತ ನಾಲ್ಕು ಹೆಜ್ಜೆ ಮುಂದೆ ಓಡುತ್ತಿದ್ದ. ಒಂದು ಕಬ್ಬಿಣದ ಚೂರು ಬಂದು ಅವನ ಕುತ್ತಿಗೆಯನ್ನು ಅರ್ಧ ಕೊಯ್ದಿತು. ಎರಡೂ ಕೈಯಿಂದ ಒತ್ತಿ ಹಿಡಿದೆ. ರಕ್ತ ಬೆರಳ ಸಂದಿಯಿಂದ ಒತ್ತಡದಲ್ಲಿ ಚಿಮ್ಮಿ ನನ್ನ ಮುಖಕ್ಕೆ ಬಡಿಯಿತು, ಬಾಯಿಗೆ ಬಂತು. ಅವನು ನನ್ನ ಅಂಗಿಯ ಗುಂಡಿ ಹಿಡಿದುಕೊಂಡಿದ್ದ. ಗುಂಡಿ ಕಿತ್ತು ಅವನ ಮುಷ್ಟಿಯೊಳಗೇ ಉಳಿಯಿತು.

ಮೂರು ದಿನ ಬಿಟ್ಟು — ಮೂರೋ ನಾಲ್ಕೋ — ಒಂದು ಸಂಜೆ, ಎಡ ರೆಕ್ಕೆಗೆ ತೂತು ಬಿದ್ದ ಒಂದು ವಿಮಾನ ಮರಳಿ ಬಂತು. ಫಿಟ್ಟರುಗಳು ತಗಡಿನ ತೇಪೆ ಹಾಕಿದರು. ರೆಕ್ಕೆಯ ಅಡಿಭಾಗಕ್ಕೆ ಪೂರ್ತಿ ಹೊಸ ಬಣ್ಣ ಹೊಡೆದೆ. ಅದು ಆರಿದ ಮೇಲೆ ಬಿಳಿಯ ವೃತ್ತ. ಅದರ ನಡುವೆ ಹಸಿರು. ಕೇಸರಿಯ ಡಬ್ಬಿ ತೆರೆದರೆ ಬಣ್ಣ ಗಟ್ಟಿಯಾಗಿ ಹೋಗಿತ್ತು. ಹೊಸ ಡಬ್ಬಿ ತರಲು ರನ್‌ವೇ ದಾಟಿ ಆ ಕಡೆಯ ಉಗ್ರಾಣಕ್ಕೆ ಹೋಗಬೇಕು. ಹೊರಟೆ. ಅರ್ಧ ದಾರಿಯಲ್ಲಿದ್ದಾಗ ಸೈರನ್ ಕೂಗಿತು.

ಕಂದಕಕ್ಕೆ ಬಿದ್ದೆ. ಬಾಂಬುಗಳು ದೂರದಲ್ಲೇ ಬಿದ್ದವು. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು, ಮಂದಿ ಎದ್ದು ಹೋದರು. ನಾನು ಏಳಲಿಲ್ಲ. ಕಾಲು ಇದ್ದವು, ಬರುತ್ತಿರಲಿಲ್ಲ. ಬಾಯಿಯಲ್ಲಿ ಜೋಸೆಫನ ರಕ್ತದ ರುಚಿ... ಇದನ್ನು ನೆಪವಾಗಿ ಹೇಳುತ್ತಿಲ್ಲ. ಅವತ್ತು ನನ್ನ ಹಾಗೆಯೇ ಹೆದರಿದವರು ನೂರು ಮಂದಿ ಇದ್ದರು. ಹೆದರಿಕೊಂಡೇ ತಮ್ಮ ಕೆಲಸ ಮಾಡಿದರು.

ಕಾರ್ಪೊರಲ್ ಪುಸ್ತಕ ಹಿಡಿದು ಬಂದ. ಅವನಿಗೂ ಅವಸರ. ಕಂದಕದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಕೇಳಿದ.

"ಹೋ ಗಯಾ?"

"ಹೋ ಗಯಾ," ಎಂದೆ.

ಬಣ್ಣದ ಕೆಲಸ ಮುಗಿದಿದೆ ಎಂದು ಅವನ ಪುಸ್ತಕದಲ್ಲಿ ಸಹಿ ಮಾಡಿದೆ. ಬೆಳಗ್ಗೆ ಬೇಗ ಎದ್ದು ಮುಗಿಸಿದರಾಯಿತು ಎಂದುಕೊಂಡೆ. ನಾನು ಹೋಗುವಷ್ಟರಲ್ಲಿ, ಇನ್ನೂ ಬೆಳಕು ಹರಿಯುವ ಮೊದಲೇ, ಆ ವಿಮಾನದ ಎಂಜಿನ್ ಶುರುವಾಗಿತ್ತು. ಪೈಲಟ್ ಏಣಿ ಹತ್ತುತ್ತಿದ್ದ — ಹೊಸದಾಗಿ ಬಂದವನು, ತೆಳುಮೀಸೆಯವನು, ಪೇಂಟರುಗಳಿಗೂ ಮೊದಲು ತಾನೇ ನಮಸ್ಕಾರ ಹೇಳುವವನು. ನಾನು ಇಪ್ಪತ್ತು ಹೆಜ್ಜೆ ದೂರದಲ್ಲಿದ್ದೆ. ಕೈ ಅಡ್ಡ ಮಾಡಿದ್ದರೆ ಸಾಕಿತ್ತು. ಸುಳ್ಳು ಸಹಿ ಮಾಡಿದ್ದು ಹೊರಬರುತ್ತಿತ್ತು, ಶಿಕ್ಷೆಯಾಗುತ್ತಿತ್ತು — ಅಷ್ಟೇ ತಾನೆ ಆಗುತ್ತಿದ್ದುದು. ನಾನು ಕೈ ಎತ್ತಲಿಲ್ಲ.

ಹೊತ್ತು ಹುಟ್ಟಿ ಸ್ವಲ್ಪ ಹೊತ್ತಿಗೆ ಅವನು ಮರಳಿದ. ಪೆಟ್ಟು ತಿಂದಿದ್ದ. ಬಾಲದಿಂದ ಹೊಗೆ ಬರುತ್ತಿತ್ತು, ರೇಡಿಯೋ ಸತ್ತಿತ್ತು. ಬರಬೇಕಾದ ದಾರಿ ಬಿಟ್ಟು ಮರಗಳ ಮೇಲಿಂದ ತೀರಾ ಕೆಳಗೆ ಬಂದ. ತೋಪುಗಳು ಅವನತ್ತ ತಿರುಗಿದವು. ಆದರೂ ಹೊಡೆಯಲಿಲ್ಲ. ತಡೆದವು. ಅವನು ರನ್‌ವೇ ಕಡೆ ತಿರುಗಲು ವಿಮಾನ ವಾಲಿಸಿದಾಗ ಎಡ ರೆಕ್ಕೆಯ ಅಡಿಭಾಗ ಪೂರ್ತಿ ಬಿಸಿಲಿಗೆ ತೆರೆದುಕೊಂಡಿತು, ಬಲದ್ದು ವಿಮಾನದ ಮೈಯ ಆಚೆ ಮರೆಯಾಯಿತು.

ಆಮೇಲೆ ಒಂದು ತೋಪು ಹೊಡೆಯಿತು. ನಾಲ್ಕು ಸುತ್ತು.

ರೆಕ್ಕೆ ಮುರಿದು ತಿರುಗುತ್ತ ಬೇರೆ ಬಿತ್ತು. ವಿಮಾನ ಬೇಲಿಯೊಳಗಿನ ಹುಲ್ಲಿನ ಮೇಲೆ ಬಿದ್ದು, ಉಳಿದ ಬಲ ರೆಕ್ಕೆಯೂ ಕಿತ್ತುಹೋಗಿ, ಮೈಯುದ್ದ ಬೆಂಕಿ ಹತ್ತಿಕೊಂಡಿತು. ಎಲ್ಲರೂ ಓಡಿದೆವು. ಗಾಜಿನ ಮುಚ್ಚಳ ತೆಗೆಯಲು ಬರುತ್ತಿರಲಿಲ್ಲ. ಒಳಗಿನಿಂದ ಅವನು ಎರಡೂ ಮುಷ್ಟಿಯಿಂದ ಗುದ್ದುತ್ತಿದ್ದ. ಬೆಂಕಿಯ ಸದ್ದಿನ ನಡುವೆಯೂ ಆ ಗುದ್ದು ಕೇಳುತ್ತಿತ್ತು. ಮೊದಲು ಜೋರಾಗಿ. ಆಮೇಲೆ ನಡುವೆ ನಡುವೆ. ಗಾಜು ಕಪ್ಪಾಯಿತು, ಒಂದು ಅಂಗೈ ಅದಕ್ಕೆ ಅಂಟಿಕೊಂಡು ನಿಂತದ್ದು ಕಂಡಿತು. ಬೆಂಕಿ ಆರಿಸುವವರಲ್ಲಿ ಒಬ್ಬ ಕೊಡಲಿ ಹಿಡಿದು ಹತ್ತಿರ ಹೋದವನು ತಲೆಗೂದಲಿಗೆ ಬೆಂಕಿ ಹತ್ತಿ ಉರುಳಿಬಿದ್ದ.

ನಾನು ಆಗ ಎಡ ರೆಕ್ಕೆಯನ್ನು ಹುಡುಕುತ್ತಿದ್ದೆ.

ಮತ್ತೊಮ್ಮೆ ಬರೆಯುತ್ತೇನೆ. ಅವನು ಒಳಗೆ ಗುದ್ದುತ್ತಿದ್ದಾಗ ನಾನು ರೆಕ್ಕೆ ಹುಡುಕುತ್ತಿದ್ದೆ. ಬೆಂಕಿಯಿಂದ ಹತ್ತು ಹೆಜ್ಜೆ ಆಚೆ ಅದರ ಒಂದು ತುಂಡು, ಬಾಗಿಲಿನ ಕದದಷ್ಟು, ಮಗುಚಿ ಬಿದ್ದಿತ್ತು. ಬಿಳಿ, ಹಸಿರು. ಅಷ್ಟೇ. ಒಂದು ಅಂಚು ಕಾದು ಹೊಗೆಯಾಡುತ್ತಿತ್ತು. ಆ ಅಂಚನ್ನೇ ಹಿಡಿದು ಎಳೆದೆ. ಚರ್ಮ ಲೋಹಕ್ಕೆ ಅಂಟಿತು, ಕೈ ಕಿತ್ತರೆ ಚರ್ಮ ಅಲ್ಲೇ ಉಳಿಯಿತು, ಮತ್ತೆ ಹಿಡಿದೆ. ಬೆಂಕಿಯೊಳಕ್ಕೆ ನೂಕಿದೆ. ಹೊಸ ಬಣ್ಣ ಬೇಗ ಹತ್ತಿಕೊಂಡಿತು. ಆಮೇಲೆ ಬಿದ್ದೆ. ಬಿದ್ದಲ್ಲಿಂದ ಎತ್ತಿದವರು ನನ್ನ ಕೈ ನೋಡಿದರು, ನಾನು ಬಿದ್ದ ಜಾಗ ನೋಡಿದರು — ಪೈಲಟನಿಗಾಗಿ ಬೆಂಕಿಗೆ ನುಗ್ಗಿದ ಎಂದರು. ಆಸ್ಪತ್ರೆಯಲ್ಲಿ ದೊಡ್ಡ ಅಧಿಕಾರಿಯೊಬ್ಬರು ಭುಜ ತಟ್ಟಿದರು. ನಾನು ಅಲ್ಲ ಎನ್ನಲಿಲ್ಲ.

ವಿಚಾರಣೆ ನಡೆಯಿತು. ಸುಡದೆ ಉಳಿದಿದ್ದ ಬಲ ರೆಕ್ಕೆಯ ಮೇಲೆ ಹಳೆಯ ಗುರುತು ಪೂರ್ತಿ ಇತ್ತು, ಮೂರೂ ಬಣ್ಣ. ಎಡದ್ದು ಹೇಗಿತ್ತು ಎಂದು ನನ್ನನ್ನು ಕೇಳಿದರು. "ಪೂರಾ ಥಾ, ಸರ್," ಎಂದೆ. ಕೈಗೆ ಪಟ್ಟಿ ಕಟ್ಟಿಕೊಂಡು ನಿಂತವನನ್ನು ಯಾರು ಎರಡನೆಯ ಸಲ ಕೇಳುತ್ತಾರೆ. ಹೊರಗೆ ಬಂದರೆ ಬೆಂಚಿನ ಮೇಲೆ ಒಬ್ಬ ಹವಾಲ್ದಾರ ತಲೆ ತಗ್ಗಿಸಿ ಕೂತಿದ್ದ. ತನ್ನಷ್ಟಕ್ಕೆ ತಾನೇ ಏನೋ ಹೇಳಿಕೊಳ್ಳುತ್ತಿದ್ದ. ಎರಡು ಸಾವಿರ ಕಿಲೋಮೀಟರ್ ದೂರದ ಆ ನೆಲದಲ್ಲಿ ನನ್ನ ಕಿವಿಗೆ ನಮ್ಮ ಕಡೆಯ ಕನ್ನಡ ಬಿತ್ತು.

"ಹಸರು, ಬಿಳಿ. ಅಷ್ಟss ಇತ್ತೋ ನಮ್ಮಪ್ಪಾ. ಅಷ್ಟss ಇತ್ತು."

ನಿಲ್ಲದೆ ನಡೆದುಬಿಟ್ಟೆ. ಅವನು ಸುಳ್ಳು ಹೇಳಿದನೆಂದು ತೀರ್ಮಾನವಾಯಿತು. ತೋಳಿನ ಪಟ್ಟಿ ಕಿತ್ತು ಮನೆಗೆ ಕಳಿಸಿದರು. ನನಗೆ ಪ್ರಶಂಸಾಪತ್ರ ಬಂತು. ಕೆಲವು ತಿಂಗಳು ಕಳೆದು ಪೈಲಟನ ತಂದೆಯಿಂದ ಒಂದು ಕಾಗದವೂ ಬಂತು — ಕೊನೆಯ ಗಳಿಗೆಯಲ್ಲಿ ನನ್ನ ಮಗನ ಹತ್ತಿರ ನೀವೊಬ್ಬರಾದರೂ ಇದ್ದಿರಿ, ಅಷ್ಟು ಸಮಾಧಾನ, ಎಂದು. ಅದಕ್ಕೆ ಉತ್ತರ ಬರೆದೆ. ಏನು ಬರೆದೆನೋ ನೆನಪಿಲ್ಲ. ಬರೆದದ್ದಂತೂ ನಿಜ.

ಎಪ್ಪತ್ತಾರರಲ್ಲಿ ಸೇನೆ ಬಿಟ್ಟು ಕುಷ್ಟಗಿಗೆ ಬಂದೆ. ಮರುವರ್ಷ ಕನಕಗಿರಿಯಲ್ಲಿ ಒಂದು ಗೊಬ್ಬರದ ಅಂಗಡಿಯ ಬೋರ್ಡು ಬರೆಯುತ್ತಿದ್ದಾಗ, ಸಂತೆಯ ಗದ್ದಲದಲ್ಲಿ ಒಬ್ಬ ಎತ್ತರದ ಮನುಷ್ಯ ಏಣಿಯ ಕೆಳಗೆ ಬಂದು ನಿಂತ.

"ನೀನss ಏನು ಈರಪ್ಪ? ಏರ್‌ಫೋರ್ಸಿನಾಗ ಕೈ ಸುಟ್ಕೊಂಡಾಂವ?"

ಕೆಳಗಿಳಿದೆ. ಗುರುತು ಸಿಕ್ಕಿತ್ತು. ಅವನು ನನ್ನೆರಡೂ ಕೈಗಳನ್ನು ತೆಗೆದುಕೊಂಡು, ಅಂಗೈ ಮೇಲೆ ಮಾಡಿ ನೋಡಿ, ತನ್ನ ಕಣ್ಣಿಗೆ ಒತ್ತಿಕೊಂಡ. ಸಂತೆಯ ಮಂದಿ ನಿಂತು ನೋಡುತ್ತಿದ್ದರು.

"ನಾ ನವಲಿ ದುರುಗಪ್ಪ. ಆ ಇಮಾನ ಹೊಡದು ಕೆಡವಿದಾಂವ ನಾನss ತಮ್ಮಾ. ನಾ ಕೊಂದೆ, ನೀ ಉಳಸಾಕ ಹೋಗಿದ್ದಿ. ನಿನ್ನ ಕಾಲಿಗೆ ಬೀಳಬೇಕು ನಾನು."

ಕಾಲಿಗೂ ಬಿದ್ದ. ಎತ್ತಿದೆ. ಅಲ್ಲಿ, ಆ ಸಂತೆಯಲ್ಲಿ, ಹೇಳಬಹುದಾಗಿತ್ತು. ಹೇಳಲಿಲ್ಲ. ಚಹಾ ಕುಡಿಸಿದೆ.

ಆಮೇಲೆ ಅವನು ನನ್ನನ್ನು ಬಿಡಲಿಲ್ಲ. ಊರಿನಲ್ಲಿ ಅವನೊಂದಿಗೆ ಯಾರೂ ಸರಿಯಾಗಿ ಮಾತಾಡುತ್ತಿರಲಿಲ್ಲ. ನನ್ನೊಬ್ಬನ ಹತ್ತಿರ ಬರುತ್ತಿದ್ದ. ಅವನ ಹೆಂಡತಿ ಗಂಗವ್ವ, ಸಾಲಿಗೆ ಹೋಗುವ ಮಗಳು ರೇಣುಕಾ — ಅವರ ಮನೆಯಲ್ಲಿ ಎಷ್ಟೋ ಸಲ ಉಂಡಿದ್ದೇನೆ. ಒಂದು ದಿನ ಊಟದ ಮೇಲೆ ಅವನು ಕೇಳಿದ.

"ಒಂದು ಕೇಳ್ತೀನಿ, ನೀ ಬಣ್ಣದ ಮನುಷ್ಯಾ. ನಾ ಸುಮ್ಮ ಹೊಡೀಲಿಲ್ಲ ತಮ್ಮಾ. ತೋಪಿನ ಹುಡುಗ್ರು ಹೊಡೀಲೇನ್ರಿ ಅಂದ್ರು. ತಡೀರಿ, ಗುರುತು ನೋಡ್ತೀನಿ ಅಂದೆ. ದುರ್ಬೀನಿನಾಗ ನೋಡಿದೆ. ಕೇಸರಿ ಇದ್ದಿದ್ದಿಲ್ಲ. ಇತ್ತು ಅಂತ ಬರದಾರ. ಹೊತ್ತು ಹುಟ್ಟೋ ಮುಂದ ಕೇಸರಿ ಕಣ್ಣಿಗೆ ಕಾಣದಂಗ ಆಗ್ತೈತೇನು?"

ಗಂಗವ್ವ ತಾಟು ತೆಗೆಯುತ್ತಿದ್ದವಳು ನಿಂತಳು. ಇಬ್ಬರೂ ನನ್ನ ಮುಖ ನೋಡುತ್ತಿದ್ದರು.

"ಆಗ್ತೈತಣ್ಣಾ," ಎಂದೆ. "ಬಿಸಲು ಅಡ್ಡ ಬಿದ್ರ ಕೇಸರಿ ಕಾಣಂಗಿಲ್ಲ. ಕಣ್ಣು ಮೋಸ ಮಾಡ್ತಾವ."

ವಿಮಾನ ಬಿದ್ದದ್ದು ನನ್ನ ಹೆದರಿಕೆಯಿಂದ ಎನ್ನಬಹುದೇನೋ. ರೆಕ್ಕೆ ಸುಟ್ಟದ್ದು ಶಿಕ್ಷೆಯ ಭಯದಿಂದ. ಆದರೆ ಈ ಮಾತು — ಇದನ್ನು ಹೊಟ್ಟೆ ತುಂಬ ಉಂಡು, ಅವನ ಗೋಡೆಗೆ ಒರಗಿ ಕೂತು ಹೇಳಿದೆ. ಅವತ್ತಿನ ತನಕ ಲೋಕವೆಲ್ಲ ಅವನನ್ನು ಸುಳ್ಳ ಎಂದಿದ್ದರೂ ಅವನಿಗೆ ತನ್ನ ಕಣ್ಣಿನ ಮೇಲೆ ನಂಬಿಕೆಯಿತ್ತು. ಅದೊಂದನ್ನೂ ನಾನು ಕಿತ್ತುಕೊಂಡೆ.

ಅಂದಿನಿಂದ ಅವನು ಬೆಳಗ್ಗೆ ಎದ್ದು ಪಡಸಾಲೆಯ ಕಂಬಕ್ಕೆ ಹಣೆ ಬಡಿದುಕೊಳ್ಳತೊಡಗಿದ. ಒಂದೆರಡು ಸಲವಲ್ಲ. ಹಣೆ ಒಡೆದು ರಕ್ತ ಹುಬ್ಬಿಗೆ ಇಳಿಯುವ ತನಕ. "ದಿನಾ ಹಿಂಗss ಮಾಡ್ತಾರ್ರಿ, ನೀವರ ಹೇಳ್ರಿ," ಎಂದು ಗಂಗವ್ವ ನನ್ನ ಮುಂದೆ ಅತ್ತಳು. ನಾನು ಅವನಿಗೆ ಬುದ್ಧಿ ಹೇಳಿದೆ. ನಾನು.

ಎಪ್ಪತ್ತೊಂಬತ್ತರಲ್ಲಿ ಶ್ರೀರಾಮನಗರದ ಒಂದು ಅಕ್ಕಿ ಗಿರಣಿಯಲ್ಲಿ ಅವನಿಗೆ ಗೇಟಿನ ಕಾವಲು ಕೆಲಸ ಸಿಕ್ಕಿತು. ಗಿರಣಿಯ ಗೋಡೆಗೆ ಹೆಸರು ಬರೆಯಲು ನನ್ನನ್ನು ಕರೆಸಿದ್ದರು. ಬಹುಶಃ ಅವನೇ ಹೇಳಿ ಕರೆಸಿರಬೇಕು. ನಾನು ಏಣಿಯ ಮೇಲಿದ್ದೆ, ಮಧ್ಯಾಹ್ನದ ಹೊತ್ತು. ಹಮಾಲರು ಲಾರಿಗೆ ಚೀಲ ಹೇರಿ ನೆರಳಿಗೆ ಕೂತಿದ್ದರು. ಅವರಲ್ಲಿ ಫಕೀರಪ್ಪ ಎಂಬವನು, ನಗೆಮಾತಿನವನು, ಕೆಟ್ಟವನಲ್ಲ, ಎರಡು ಮಕ್ಕಳ ತಂದೆ. ಅವನೆಂದ:

"ಇವನ್ನ ಕಾವಲಿಗೆ ಯಾಕ ಇಟ್ಟಾರೋ ಏನೋ. ಕಳ್ಳರು ಬಂದ್ರ ಸಲಾಂ ಹೊಡೀತಾನ, ನಾವು ಬಂದ್ರ ಗುಂಡು ಹೊಡೀತಾನ. ನಮ್ಮವ್ರು ಯಾರು ಅನ್ನೋದss ಕಾಣಂಗಿಲ್ಲ ಅವನ ಕಣ್ಣಿಗೆ."

ಎಲ್ಲರೂ ನಕ್ಕರು. ದುರುಗಪ್ಪ ಗೇಟಿಗೆ ಅಡ್ಡ ಹಾಕುವ ಕಬ್ಬಿಣದ ಸಲಾಕೆ ತೆಗೆದುಕೊಂಡ. ಓಡಲಿಲ್ಲ, ಕೂಗಲಿಲ್ಲ, ನಡೆದುಕೊಂಡು ಬಂದ. ಮೊದಲ ಪೆಟ್ಟಿಗೆ ಫಕೀರಪ್ಪ ಕೈ ಅಡ್ಡ ತಂದ, ಕೈ ಮುರಿದ ಸದ್ದು ನನಗೆ ಮೇಲೆ ಕೇಳಿತು. ಎರಡನೆಯದು ಕಿವಿಯ ಮೇಲೆ. ಬಿದ್ದವನ ಮೇಲೆ ಮೂರನೆಯದು, ನಾಲ್ಕನೆಯದು. ಆಮೇಲೆ ಎಣಿಸಲಿಲ್ಲ. ತಲೆ ತಲೆಯ ಆಕಾರ ಕಳೆದುಕೊಂಡಿತು. ಚೆಲ್ಲಿದ ಅಕ್ಕಿಯ ಮೇಲೆ ರಕ್ತ ಹರಡಿ ಅಕ್ಕಿ ಅದನ್ನು ಕುಡಿಯತೊಡಗಿತು. ನಾಲ್ಕು ಜನ ಹಮಾಲರು ಸೇರಿ ದುರುಗಪ್ಪನನ್ನು ಕೆಡವಿ ತುಳಿದರು. ಒಬ್ಬ ಚೀಲದ ಕೊಕ್ಕೆಯನ್ನು ಅವನ ಭುಜಕ್ಕೆ ಚುಚ್ಚಿ ಎಳೆದ. ಮಾಂಸ ಹರಿಯಿತು. ಅವನು ಒಂದು ಸದ್ದೂ ಮಾಡಲಿಲ್ಲ.

ರಾಯಚೂರಿನ ಕೋರ್ಟಿನಲ್ಲಿ ಅವನ ಪರ ವಕೀಲರು ನನ್ನನ್ನು ಕರೆಸಿದರು. ಇವನ ಮನಸ್ಸು ಹೀಗೇಕಾಯಿತು ಎಂದು ತಿಳಿಸಬೇಕಾಗಿತ್ತು ಅವರಿಗೆ. "ಯುದ್ಧದಲ್ಲಿ ನಿಜವಾಗಿ ಏನಾಯಿತು?" ಎಂದರು. ಕಟಕಟೆಯಲ್ಲಿ ನಿಂತು, ಪ್ರಮಾಣ ಮಾಡಿ, ಎರಡನೆಯ ಸಲ ಹೇಳಿದೆ — ಗುರುತು ಪೂರ್ತಿ ಇತ್ತು, ಇವರ ಕಣ್ಣು ತಪ್ಪಿತು. ದುರುಗಪ್ಪ ತಲೆಯಾಡಿಸಿದ, ಹೌದು ಎನ್ನುವ ಹಾಗೆ. ಏಳು ವರ್ಷ ಶಿಕ್ಷೆಯಾಯಿತು. ಗಂಗವ್ವ ಕೂಲಿಗೆ ಹೋದಳು. ರೇಣುಕಾ ಸಾಲಿ ಬಿಟ್ಟಳು.

ನಡತೆ ನೋಡಿ ಅವಧಿಗೆ ಮೊದಲೇ ಬಿಟ್ಟರು. ಎಂಬತ್ತನಾಲ್ಕರ ಭತ್ತದ ಕೊಯ್ಲಿನ ದಿನಗಳಲ್ಲಿ ನವಲಿಗೆ ಹೋದೆ. ಗಂಗವ್ವ ಹೊಲಕ್ಕೆ ಹೋಗಿದ್ದಳು. ಅವನು ಒಬ್ಬನೇ ಕೂತಿದ್ದ, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಯಾಕೆ ಅವತ್ತೇ ಹೇಳಿದೆನೋ — ನನ್ನನ್ನು ಕಂಡು ಅವನು ಏಳಲು ಹೋದ, ಭುಜ ಎತ್ತಲು ಬರಲಿಲ್ಲ, ಆದರೂ ಎರಡೂ ಕೈ ಜೋಡಿಸಲು ನೋಡಿದ. ಅದನ್ನು ನೋಡಲಾಗಲಿಲ್ಲ.

"ಅಣ್ಣಾ, ಕೇಸರಿ ಇದ್ದಿದ್ದಿಲ್ಲ."

"ಏನಂದಿ?"

"ನಾನss ಬಳದಿದ್ದಿಲ್ಲ. ಆ ತುಂಡು ಬೆಂಕಿಗೆ ಎಳದಾಂವನೂ ನಾನss. ನಿನ್ನ ಕಣ್ಣು ತಪ್ಪಿಲ್ಲ."

ಅವನು ಎದ್ದು ಬಂದು ಸರಿಯಿದ್ದ ಒಂದೇ ಕೈಯಿಂದ ನನ್ನ ಗಂಟಲು ಹಿಡಿದು ಗೋಡೆಗೆ ಒತ್ತಿದ. ಬಿಗಿಹಿಡಿತ. ಕಣ್ಣ ಮುಂದೆ ಕತ್ತಲಾಯಿತು, ಕಾಲು ನೆಲ ಬಿಟ್ಟವು. ನಾನು ಬಿಡಿಸಿಕೊಳ್ಳಲಿಲ್ಲ. ಅವನೇ ಬಿಟ್ಟ.

"ಇನ್ನೊಂದು ಹೆಣ ನನ್ನ ಕೈಯಾಗ ಬ್ಯಾಡ," ಎಂದ. ಉಸಿರು ಹತ್ತಿತ್ತು. "ಹಂಗಾರ ನಾ ನೋಡಿದ್ದು ಖರೇ?"

"ಖರೇ."

"ಮಂದಿ ಮುಂದ ಹೇಳ್ತೀಯೇನು? ಗಂಗವ್ವಗ ನಾ ಹೇಳಂಗಿಲ್ಲ. ನೀನss ಹೇಳಬೇಕು. ನಾ ಹೇಳಿದ್ರ ಮತ್ತ ಸುಳ್ಳ ಅಂತಾರ."

"ಹೇಳ್ತೀನಿ," ಎಂದೆ.

ಒಂದೂವರೆ ವರ್ಷ ಹೇಳಲಿಲ್ಲ. ರೇಣುಕಾಳ ಮದುವೆ ಗೊತ್ತಾಗಿತ್ತು, ಅದು ಮುಗಿಯಲಿ ಎಂದೆ. ಮುಗಿದ ಮೇಲೆ ಬೀಗರೇನಂದಾರು ಎಂದೆ. ಅವನು ಒಮ್ಮೆಯೂ ಕುಷ್ಟಗಿಗೆ ಬಂದು ಕೇಳಲಿಲ್ಲ, ಯಾರ ಕೈಯಲ್ಲೂ ಹೇಳಿಕಳಿಸಲಿಲ್ಲ. ಕಾಯ್ದ. ಎಂಬತ್ತಾರರ ಬೇಸಿಗೆಯಲ್ಲಿ ಎದೆನೋವು ಬಂದು, ಗಂಗಾವತಿಯ ದಾರಿಯಲ್ಲೇ ಸತ್ತ.

ಮಣ್ಣಿಗೆ ಹೋಗಿದ್ದೆ. ಹೆಚ್ಚು ಮಂದಿ ಇರಲಿಲ್ಲ. ಕುಣಿಯ ಅಂಚಿನಲ್ಲಿ ನಾನು ಹಿಡಿಮಣ್ಣು ಹಿಡಿದು ನಿಂತಾಗ ಹಿಂದಿನಿಂದ ಯಾರೋ ಮೆಲ್ಲಗೆ ಅಂದರು — "ಇಬ್ಬರನ್ನ ಕೊಂದು ಹ್ವಾದ." ರೇಣುಕಾ ತಿರುಗಿ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು, ನೀವಾದರೂ ಏನಾದರೂ ಹೇಳಿ ಎನ್ನುವ ಹಾಗೆ. ನಾನು ಮಣ್ಣು ಹಾಕಿ ಪಕ್ಕಕ್ಕೆ ಸರಿದೆ.

ಇದೆಲ್ಲ ಆಗಿ ಒಂದು ವರ್ಷವಾಯಿತು. ಹೋದ ತಿಂಗಳು ಮತ್ತೆ ಆಗಸ್ಟ್ ಹದಿನೈದಕ್ಕೆ ಕರೆಯಲು ಬಂದರು. ಬರುವುದಿಲ್ಲ ಎಂದೆ. ಯಾಕೆ ಎಂದು ಕೇಳಿದ ಮಾಸ್ತರರ ಮುಂದೆ, ದುರುಗಪ್ಪನಿಗೆ ಹೇಳಿದ್ದನ್ನು ಬಿಟ್ಟರೆ ಮೊದಲ ಸಲ, ಬಾಯಿಬಿಟ್ಟೆ. ಅವರು ಕೂತಲ್ಲಿಂದ ಎದ್ದು, ಚಹಾದ ಕಪ್ಪು ಹಾಗೇ ಬಿಟ್ಟು ಹೋದರು. ಆ ವಾರವೇ ಸೇನೆಯ ಕಚೇರಿಗೆ ಎಲ್ಲ ಬರೆದು ಪ್ರಶಂಸಾಪತ್ರದ ಜೊತೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಪೈಲಟನ ತಂದೆಗೂ ಬರೆದೆ. ಅವರು ಇದ್ದಾರೋ ಇಲ್ಲವೋ ತಿಳಿಯದು.

ಆಮೇಲೆ ನವಲಿಗೆ ಹೋದೆ. ಗಂಗವ್ವ ಬಾಗಿಲಲ್ಲಿ ಕೂತು ದಬ್ಬಣದಿಂದ ಗೋಣಿಚೀಲ ಹೊಲಿಯುತ್ತಿದ್ದಳು. ನಿಂತುಕೊಂಡೇ ಹೇಳಿದೆ, ಮೊದಲಿನಿಂದ ಕೊನೆಯ ತನಕ. ಅವಳು ಅಳಲಿಲ್ಲ. ದಬ್ಬಣ ಚೀಲದಲ್ಲಿ ಅರ್ಧ ಹೋಗಿ ನಿಂತಿತ್ತು.

"ಅವರಿಗೆ ಗೊತ್ತಿತ್ತೇನ್ರಿ?" ಎಂದಳು.

"ಗೊತ್ತಿತ್ತು. ಸಾಯೋಕಿಂತ ಒಂದೂವರಿ ವರ್ಸ ಮೊದಲss."

"ಅದಕ್ಕss ಏನು..." ಎಂದು ಕಂಬದ ಕಡೆ ನೋಡಿದಳು. "ಆಮ್ಯಾಲ ಬಡಕೊಳ್ಳಲೇ ಇಲ್ಲ ಅವ್ರು. ದೇವರು ಕಣ್ಣು ತೆರದ ಅಂದ್ಕೊಂಡಿದ್ದೆ." ಆಮೇಲೆ ಕೇಳಿದಳು, "ನನಗ ಯಾಕ ಹೇಳಲಿಲ್ಲ ಅವ್ರು?"

"ನಾನss ಹೇಳಬೇಕಂತ ಕಾಯ್ದ."

ಅದೊಂದಕ್ಕೆ ಅವಳಿಗೆ ಅಳು ಒಡೆಯಿತು.

ಮರುದಿನ ಪಂಚಾಯತಿಯ ಮುಂದೆ ಊರ ಮಂದಿಯನ್ನು ಅವಳೇ ಕೂಡಿಸಿದಳು. ನಾನು ಹೇಳಿದೆ. ಯಾರೋ ಉಗುಳಿದರು. ದುರುಗಪ್ಪನ ಚಿಕ್ಕಪ್ಪ, ಕೋಲೂರಿಕೊಂಡು ನಡೆಯುವ ಮುದುಕ, ಬಂದು ಕೆನ್ನೆಗೆ ಹೊಡೆದ. ಶಕ್ತಿ ಸಾಲದೆ ತಾನೇ ಮುಗ್ಗರಿಸಿದ. ರೇಣುಕಾ ನನ್ನ ಕಡೆ ನೋಡಲೇ ಇಲ್ಲ. ಎಲ್ಲರೂ ಚದುರಿದ ಮೇಲೆ ಗಂಗವ್ವ ಹತ್ತಿರ ಬಂದಳು.

"ಶ್ರೀರಾಮನಗರದಾಗ ಫಕೀರಪ್ಪನ ಹೇಣ್ತಿ ಅದಾಳ. ಆಕಿಗೂ ಹೇಳಬೇಕು ನೀವು. ತನ್ನ ಗಂಡ ಯಾಕ ಸತ್ತ ಅಂಬೋದು ಆಕಿಗೂ ಗೊತ್ತಿಲ್ಲ."

ಅಷ್ಟರ ತನಕ ಅದು ನನಗೆ ಹೊಳೆದಿರಲಿಲ್ಲ. ಇದನ್ನೂ ಬರೆದಿಡಬೇಕು — ಹೊಳೆದಿರಲೇ ಇಲ್ಲ.

"ಹೊಕ್ಕೀನವ್ವಾ," ಎಂದೆ.

"ನಾನೂ ಬರ್ತೀನಿ. ನನ್ನ ಗಂಡ ಹೊಡದದ್ದು ಸುಳ್ಳಲ್ಲ. ಆಕಿ ಮುಂದ ನಾನೂ ನಿಂದ್ರಬೇಕು." ಸೆರಗು ಬಿಗಿದುಕೊಂಡಳು. "ಬಸ್ಸಿನಾಗ ನಿಮ್ಮ ಬಾಜೂಕ ಕುಂದ್ರಂಗಿಲ್ಲ."

ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತಿದ್ದೇವೆ.